ಹೊದಿಕೆಯಾಚೆಯ ನೇರಳೆ

ಹಲ್ಲಿನ ಡಾಕ್ಟರು ಒಪ್ಪಿಕೊಂಡದ್ದು ಹೂದೋಟಕ್ಕೆ ಮಾತ್ರ, ಸೊಪ್ಪಿನ ಮಡಿಗಲ್ಲ. ಅದನ್ನೂ ಅವರು ಒಬ್ಬರ ದವಡೆಹಲ್ಲಿನ ತೂತು ಮುಚ್ಚುತ್ತಾ, ತಲೆ ಎತ್ತದೆಯೇ ಹೇಳಿದರು.

"ನೋಡಮ್ಮ, ಕಿಟಕಿ ಕೆಳಗಿನ ಜಾಗ ಖಾಲಿ ಬಿದ್ದಿದೆ, ಸರಿ. ಬಂದವರ ಸ್ಕೂಟರ್ ನಿಲ್ಲಿಸೋಕೆ ಸಿಮೆಂಟ್ ಹಾಕಿಸೋಣ ಅಂತ ಮೇಸ್ತ್ರಿ ಹತ್ರ ಅಳತೇನೂ ತೆಗೆಸಿದೀನಿ. ಅವನು ಹಿಡಿದ ಕೆಲಸ ಮುಗಿಸಿ ಬರೋದು ಚಳಿಗಾಲದ ಕೊನೇಲಿ. ಅಲ್ಲೀತನಕ ಏನಾದ್ರೂ ಚೆಂದದ್ದು ಹಾಕ್ಕೊಳ್ಳಿ. ಕಣ್ಣಿಗೆ ಒಪ್ಪಿದ್ರೆ ಸಿಮೆಂಟಿನ ವಿಷಯ ಆಮೇಲೆ ನೋಡೋಣ. ಆದ್ರೆ ಸೊಪ್ಪುಗಿಪ್ಪು ಬೇಡ. ಹಲ್ಲು ತೋರಿಸೋಕೆ ಬಂದೋರು ಇದೇನು ತರಕಾರಿ ಅಂಗಡಿನಾ ಅಂತ ವಾಪಸ್ ಹೋಗ್ತಾರೆ."

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾತ ಏನೋ ಹೇಳಲು ಹೋಗಿ "ಆ... ಆ..." ಎಂದ.

"ನೋಡು, ಇವರೂ ಹೌದು ಅಂತಿದಾರೆ," ಎಂದರು ಡಾಕ್ಟರು.

ಆ ಆಸ್ಪತ್ರೆಯ ಮುಂಗೋಣೆಯಲ್ಲಿ ಕೂತು ಬಂದವರನ್ನು ಸರದಿಯ ಪ್ರಕಾರ ಒಳಗೆ ಕಳಿಸುವುದು, ಚಿಮಟ ಕನ್ನಡಿಗಳನ್ನು ತೊಳೆದಿಡುವುದು, ಗೋಡೆಯ ಹಲಗೆಯ ಮೇಲೆ ಸಾಲಾಗಿ ನಗುತ್ತಿರುವ ಪ್ಲಾಸ್ಟರಿನ ದವಡೆಗಳ ಧೂಳು ಒರೆಸುವುದು ನನ್ನ ಕೆಲಸ. ಮನೆ ಅದರ ನೆತ್ತಿಯ ಮೇಲೆಯೇ. ಮಹಡಿಯ ಮೂರು ಕೋಣೆಗಳಲ್ಲಿ ಅಜ್ಜಿ, ಅಮ್ಮ, ನಾನು. ಡಾಕ್ಟರು ನನಗೆ ಸಂಬಳ ಕೊಡುವ ಯಜಮಾನರೂ ಹೌದು, ಬಾಡಿಗೆ ಪಡೆಯುವ ಯಜಮಾನರೂ ಹೌದು. ಹಾಗಾಗಿ ಅವರೊಂದಿಗೆ ಜಗಳ ಆಡುವ ಸುಖ ನನಗೆ ಎರಡು ಕಡೆಯಿಂದಲೂ ಇಲ್ಲ.

ಹಿಂದಿನ ಬಾಡಿಗೆ ಮನೆಗೆ ಹಿತ್ತಿಲಿತ್ತು. ಅಮ್ಮ ಕೆಲಸ ಮಾಡುವ ಲಾಂಡ್ರಿಗೆ ಹತ್ತಿರವಾಗಲೆಂದು ನಾವು ಇಲ್ಲಿಗೆ ಬಂದೆವು. ಅಮ್ಮನಿಗೆ ಹತ್ತಿರವಾಯಿತು, ಅಜ್ಜಿಗೆ ನೆಲ ದೂರವಾಯಿತು. ಬಂದ ವಾರವೇ ಅಜ್ಜಿ, "ಕಾಲ ಕೆಳಗೆ ಇನ್ನೊಬ್ಬರ ಸೂರು. ಏಣಿ ಮೇಲೆ ಕೂತು ಸಂಸಾರ ಮಾಡಿದ ಹಾಗಿದೆ," ಎಂದಿದ್ದಳು. ಆಮೇಲೆ ಮಾತು ಖಡಕ್ಕಾಯಿತು. "ಈ ಚಳಿಗಾಲ ನೋಡ್ತೀನಿ. ನನ್ನ ಕೈಯಾರೆ ಬೆಳೆದ ಸೊಪ್ಪು ನನ್ನ ತಟ್ಟೆಗೆ ಬೀಳ್ಲಿಲ್ಲ ಅಂದ್ರೆ ದೊಡ್ಡವಳ ಮನೆಗೆ ಹೊರಟೆ. ಅಲ್ಲಿ ಬೇಕಾದಷ್ಟು ಮಣ್ಣಿದೆ."

ದೊಡ್ಡಮ್ಮನ ಮನೆಗೆ ಹೋಗಬೇಕೆಂದರೆ ಹಗಲಿಡೀ ಬಸ್ಸಿನಲ್ಲಿ ಕೂರಬೇಕು. ಅಜ್ಜಿ ಸುಮ್ಮನೆ ಹೆದರಿಸುವವಳಲ್ಲ; ಹೇಳಿದಳೆಂದರೆ ಸೀರೆ ಮಡಿಸಿಟ್ಟೇ ಹೇಳಿರುತ್ತಾಳೆ. ನಾನು ಅವಳ ಕತೆಗಳ ಮೇಲೆ ಬೆಳೆದವಳು. ನಮ್ಮ ಮನೆಯ ನಲ್ಲಿ ಒಬ್ಬ ಮುನಿಸಿಕೊಂಡ ಸೊಸೆ, ಗೋಡೆಯ ಗಡಿಯಾರ ಕಾಲುನೋವಿನ ಪೋಸ್ಟ್‌ಮ್ಯಾನ್. ಅಜ್ಜಿ ಹೋದರೆ ನಲ್ಲಿ ಬರೀ ನಲ್ಲಿಯಾಗಿ, ಗಡಿಯಾರ ಬರೀ ಗಡಿಯಾರವಾಗಿ ಉಳಿದುಬಿಡುತ್ತವೆ. ಅದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಡಾಕ್ಟರಿಗೆ ಹೂದೋಟ ಬೇಕು, ಅಜ್ಜಿಗೆ ಸೊಪ್ಪು ಬೇಕು, ಜಾಗ ಇರುವುದು ಒಂದೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಬೀಜದಂಗಡಿಯವರ ಮುಂದೆ ನಾನು ಈ ಕತೆಯನ್ನೆಲ್ಲ ಬಿಚ್ಚಿದೆ. ಅವರಿಗೆ ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದ ಮೇಲೆಯೇ ಕೊಡುವ ಅಭ್ಯಾಸ. ಒಂದಷ್ಟು ಪೊಟ್ಟಣಗಳನ್ನು ಆಲಿಸಿ, ಕೊನೆಗೆ ಒಂದನ್ನು ನನ್ನ ಮುಂದಿಟ್ಟರು. ಮೇಲಿನ ಚಿತ್ರದಲ್ಲಿ ಬದನೆಕಾಯಿಯ ಸಿಪ್ಪೆಯಂಥ ಕಡುನೇರಳೆ ಎಲೆ, ಅಂಚು ನಿರಿಗೆ ಹಿಡಿದ ಹಾಗೆ, ನಡುವೆ ಹಸಿರು ನರ.

"ಅಲಂಕಾರದ ಸಾಸಿವೆ," ಎಂದರು.

"ಇದು ಹೂದೋಟದ ಗಿಡಾನಾ, ಸೊಪ್ಪಾ?"

"ನೋಡೋರಿಗೆ ಹೂದೋಟ, ತಿನ್ನೋರಿಗೆ ಸೊಪ್ಪು. ಅದು ಗಿಡದ ಮೇಲಲ್ಲ, ನಿಮ್ಮ ಮೇಲಿದೆ."

ಅಜ್ಜಿ ಬೀಜಗಳನ್ನು ಅಂಗೈಗೆ ಸುರಿದುಕೊಂಡು ಬೆಳಕಿಗೆ ಹಿಡಿದಳು. "ಡಬ್ಬಿಲಿರೋ ಸಾಸಿವೆ ಇದ್ದ ಹಾಗೇ ಇದೆಯಲ್ಲೇ. ಇದಕ್ಕೆ ಮತ್ತೆ ಅಲಂಕಾರ ಬೇರೆ."

"ಎಲೆ ನೇರಳೆ ಬಣ್ಣಕ್ಕೆ ಬರುತ್ತಂತೆ ಅಜ್ಜಿ. ಡಾಕ್ಟ್ರು ಕಿಟಕಿಯಿಂದ ನೋಡಿದ್ರೆ ಹೂವು ಅನ್ನಬೇಕು. ನೀನು ಬಟ್ಟಲಲ್ಲಿ ನೋಡಿದ್ರೆ ಸೊಪ್ಪು ಅನ್ನಬೇಕು."

"ಅಂದ್ರೆ ಹೊರಗೆ ಹೋಗುವಾಗ ಮಾತ್ರ ಸೀರೆ ಉಡೋ ಗಿಡ," ಎಂದು ಅಜ್ಜಿ ನಕ್ಕಳು. ಅವಳು ನಕ್ಕದ್ದು ಎಷ್ಟೋ ವಾರಗಳ ಮೇಲೆ.

ನೆಲ ಅಗೆದಾಗ ಮೊದಲು ಸಿಕ್ಕದ್ದು ಹೆಂಚಿನ ಚೂರು, ಆಮೇಲೆ ಒಂದು ಪ್ಲಾಸ್ಟರಿನ ದವಡೆ. ಯಾವುದೋ ಕಾಲದಲ್ಲಿ ಡಾಕ್ಟರು ಎಸೆದದ್ದಿರಬೇಕು. ಅಜ್ಜಿ ಅದರ ಮಣ್ಣು ಕೊಡವಿ, "ನೆಲದೊಳಗಿಂದ ಯಾರೋ ನಗ್ತಾ ಇದ್ರು ಪಾಪ," ಎಂದು ಕಾಂಪೌಂಡಿನ ಮೇಲೆ ಕೂರಿಸಿದಳು. ಎಲೆಗೊಬ್ಬರ ಬೆರೆಸಿ, ಬೀಜಕ್ಕೆ ಒಣ ಮರಳು ಕೂಡಿಸಿ ಉಪ್ಪು ಉದುರಿಸುವ ಹಾಗೆ ಉದುರಿಸಿದಳು. ಹಾಗೆ ಮಾಡದಿದ್ದರೆ ಸಾಸಿವೆ ಒಂದೇ ಕಡೆ ಗುಂಪುಗೂಡುತ್ತದಂತೆ. ಮೊಳಕೆ ಬಂದ ಮೇಲೆ ಒತ್ತಾಗಿದ್ದವನ್ನು ಕಿತ್ತು, ಉಳಿದವಕ್ಕೆ ಒಂದೊಂದು ಗೇಣು ಜಾಗ ಬಿಟ್ಟಳು. ಎಳೆ ಎಲೆಗಳು ಹಸಿರು. ನರದಲ್ಲಿ ಮಾತ್ರ ಎಳ್ಳಷ್ಟು ಕೆಂಪಿತ್ತು. ಅದನ್ನು ನೋಡಿ ನಾನು ಮುಂದಿನದನ್ನೆಲ್ಲ ಕನಸು ಕಂಡುಬಿಟ್ಟೆ.

ಚಳಿ ಶುರುವಾದ ಸಂಜೆ ಅಜ್ಜಿ ಅಮ್ಮನ ಹತ್ತಿರ ಹರಿದ ಹಾಸುಬಟ್ಟೆ ಕೇಳಿದಳು. ಲಾಂಡ್ರಿಯಲ್ಲಿ ಹೊಲಿಗೆಗೂ ಬಾರದಷ್ಟು ಹರಿದವನ್ನು ಕೆಲಸದವರೇ ಮನೆಗೆ ತರುತ್ತಾರೆ.

"ಯಾರಿಗೆ?" ಎಂದಳು ಅಮ್ಮ.

"ಮಕ್ಕಳಿಗೆ. ಕೆಳಗೆ ಬರಿಮೈಲಿ ಮಲಗ್ತಿವೆ."

"ಅಜ್ಜಿಗೆ ಅರಿವೆ ಚಿಂತೆ ಅಂತ ಗಾದೆ ಕಟ್ಟಿದೋರು ಇವಳನ್ನ ನೋಡೇ ಕಟ್ಟಿರಬೇಕು," ಎಂದು ಅಮ್ಮ ನನ್ನ ಕಡೆ ತಿರುಗಿ ಗೊಣಗಿದಳು. ಆದರೂ ಮರುದಿನವೇ ಎರಡು ಹಾಸುಬಟ್ಟೆ ತಂದುಕೊಟ್ಟಳು.

ಮಡಿಯ ಸುತ್ತ ಕೋಲು ನೆಟ್ಟು ದಿನಾ ಸಂಜೆ ಹೊದಿಸುವುದು, ಬೆಳಿಗ್ಗೆ ಬಿಸಿಲು ಚೆನ್ನಾಗಿ ಏರಿದ ಮೇಲೆ ತೆಗೆಯುವುದು. ಹಿಂದಿನ ಹಿತ್ತಿಲಲ್ಲಿ ಬದನೆ, ಟೊಮೇಟೊ ಸಸಿಗಳಿಗೆ ಅಜ್ಜಿ ಹೀಗೇ ಮಾಡುತ್ತಿದ್ದಳು, ಅವು ಬದುಕುತ್ತಿದ್ದವು. ಹೊದಿಸುವಾಗ ಒಂದು ಕತೆಯನ್ನೂ ಹೇಳುತ್ತಿದ್ದಳು. ಚಳಿರಾಯ ಅಂತ ಒಬ್ಬನಿದ್ದಾನೆ, ಉದ್ದನೆ ಬೆರಳಿನವನು. ಸಂಜೆಯಾದರೆ ಮನೆಮನೆಯ ಹಿತ್ತಿಲಿಗೂ ಹೊಕ್ಕು ಯಾರು ಹೊದ್ದಿಲ್ಲ ಅಂತ ತಡಕುತ್ತಾನೆ. ಹೊದಿಕೆ ಸಿಕ್ಕಿದರೆ ಮುಂದಕ್ಕೆ ಹೋಗುತ್ತಾನೆ, ಬರಿಮೈ ಸಿಕ್ಕಿದರೆ ಅದರ ಜೀವ ಹೀರುತ್ತಾನೆ. ನಾನು ಈ ವಯಸ್ಸಿನಲ್ಲೂ ಬಟ್ಟೆಯ ತುದಿಗಳನ್ನು ಕಲ್ಲಿಟ್ಟು ಭದ್ರ ಮಾಡುತ್ತಿದ್ದೆ.

ಗಿಡಗಳು ಸೊಂಪಾಗಿ ಬಂದವು. ಎಲೆ ಅಂಗೈಯಗಲ, ಆಮೇಲೆ ತಟ್ಟೆಯಗಲ. ನಿರಿಗೆಯ ಅಂಚು ಚಿತ್ರದಲ್ಲಿದ್ದ ಹಾಗೇ. ಬಣ್ಣ ಮಾತ್ರ ಹಸಿರು. ಗಿಳಿಹಸಿರೂ ಅಲ್ಲ, ಸಂತೆಯಲ್ಲಿ ಕಟ್ಟು ಕಟ್ಟಿ ಮಾರುವ ಸೊಪ್ಪಿನ ಹಸಿರು.

ಒಂದು ಬೆಳಿಗ್ಗೆ ಡಾಕ್ಟರು ಕೈಗವಸು ಹಾಕಿಕೊಳ್ಳುತ್ತಾ ಕಿಟಕಿಯ ಹತ್ತಿರ ನಿಂತರು.

"ಏನಮ್ಮ, ಇದು ಸೊಪ್ಪಲ್ವಾ?"

"ಅಲಂಕಾರದ ಸೊಪ್... ಗಿಡ ಸರ್. ಇನ್ನೂ ಬಣ್ಣ ಬರಬೇಕು."

"ಯಾವಾಗ? ಮೇಸ್ತ್ರಿ ಬಂದ್ಮೇಲಾ?"

ಕೆನ್ನೆ ಊದಿಸಿಕೊಂಡು ಕೂತಿದ್ದ ಒಬ್ಬ ಹೆಂಗಸು ಕರ್ಚೀಫು ಸರಿಸಿ, "ಸಾಸಿವೆ ಸೊಪ್ಪು, ಬಹಳ ಚೆನ್ನಾಗಿ ಬಂದಿದೆ," ಎಂದಳು. ಹೊಗಳಿಕೆ ಅಷ್ಟು ಕಹಿಯಾಗಿರಬಹುದೆಂದು ನನಗೆ ಆವತ್ತೇ ಗೊತ್ತಾದದ್ದು.

ಮಧ್ಯಾಹ್ನದ ಬಿಡುವಿನಲ್ಲಿ ಬೀಜದಂಗಡಿಗೆ ಓಡಿದೆ. ಅವರು ಖಾಲಿ ಪೊಟ್ಟಣವನ್ನೇ ಕಿವಿಯ ಬಳಿ ಅಲ್ಲಾಡಿಸಿದರು. "ಬೀಜ ಸರಿಯಾಗೇ ಇತ್ತು. ನೀವು ಏನೇನು ಮಾಡ್ತಿದೀರಿ, ಹೇಳಿ."

ನೀರು ಹೇಳಿದೆ, ಗೊಬ್ಬರ ಹೇಳಿದೆ, ಬಿಸಿಲು ಯಾವ ಕಡೆಯಿಂದ ಬರುತ್ತದೆಂದು ಹೇಳಿದೆ, ನೆಲದಲ್ಲಿ ಸಿಕ್ಕ ದವಡೆಯ ಸಂಗತಿಯನ್ನೂ ಹೇಳಿದೆ. ಹಾಸುಬಟ್ಟೆಯ ಮಾತು ಬಾಯಿಗೇ ಬರಲಿಲ್ಲ. ಮಗು ಯಾಕೆ ಸೊರಗಿದೆ ಎಂದು ವೈದ್ಯರು ಕೇಳಿದರೆ, ದಿನಾ ರಾತ್ರಿ ಹೊದಿಸಿ ಮಲಗಿಸುತ್ತೇನೆ ಎಂದು ಯಾವ ತಾಯಿ ಹೇಳುತ್ತಾಳೆ? ಅದು ನಾವು ಗಿಡಕ್ಕೆ ಮಾಡುವ ಒಂದು ಕೆಲಸ ಎಂದೇ ನಮಗೆ ಅನ್ನಿಸಿರಲಿಲ್ಲ.

"ಹಾಗಾದ್ರೆ ಗೊತ್ತಾಗ್ತಿಲ್ಲ. ನಾನು ಬೀಜ ಮಾರೋನು, ಗಿಡದ ಮನಸ್ಸು ನನಗೆಲ್ಲಿ ಗೊತ್ತು?" ಎಂದರು.

ಅಂದು ಸಂಜೆ ಹೊದಿಸಲು ಹೋದಾಗ ಬೇಸರಕ್ಕೆ ಸುಮ್ಮನೆ ಮಡಿಯ ತುದಿಗೆ ಹೋಗಿ ಕೂತೆ, ನೀರು ಇಳಿಯುವ ಪೈಪಿನ ಪಕ್ಕ. ಎರಡು ಹಾಸುಬಟ್ಟೆಗಳನ್ನು ಎಷ್ಟು ಎಳೆದರೂ ಆ ಕೊನೆಯ ಗಿಡಕ್ಕೆ ಪೂರ್ತಿ ಸಾಲುತ್ತಿರಲಿಲ್ಲ. ಅದರ ಅರ್ಧ ಮೈ ಯಾವಾಗಲೂ ಹೊರಗೆ. ಆ ಹೊರಗಿನ ಎಲೆಗಳನ್ನು ನಾನು ಮೊದಲ ಸಲ ನೋಡಿದಂತೆ ನೋಡಿದೆ. ಅವು ಕಪ್ಪಾಗಿ ಕಂಡವು. ಮುಖ ಹತ್ತಿರ ಒಯ್ದೆ. ಅವು ಕಪ್ಪಲ್ಲ, ನೇರಳೆ! ಒಂದೇ ಗಿಡ, ಒಂದೇ ಬೇರು. ಬಟ್ಟೆಯ ಒಳಮಗ್ಗುಲಲ್ಲಿ ಹಸಿರು, ಹೊರಮಗ್ಗುಲಲ್ಲಿ ಬದನೆಕಾಯಿಯ ಬಣ್ಣ. ಬಟ್ಟೆಯ ಅಂಚು ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಂದಲೇ ಬಣ್ಣ ಶುರು.

ಯಾರೋ ರಾಜಕುಮಾರಿ ಕಣ್ಣೆದುರೇ ಅರ್ಧ ವೇಷ ಕಳಚಿ ನಿಂತ ಹಾಗೆ. ನೆಲ ಬೇರೆಯೇ? ಪೈಪಿನ ನೀರು ಕಾರಣವೇ? ಹಾಗಿದ್ದರೆ ಇಡೀ ಗಿಡ ನೇರಳೆಯಾಗಬೇಕಿತ್ತು. ಬೇರೆಯಾಗಿದ್ದದ್ದು ಒಂದೇ, ಹೊದಿಕೆ. ಅಂದರೆ ಚಳಿ ತಾಗಿದ್ದಕ್ಕೆ ಬಣ್ಣವೋ, ಬೆಳಗಿನ ಎಳೆಬಿಸಿಲು ತಾಗಿದ್ದಕ್ಕೋ, ಎರಡಕ್ಕೂ ಸೇರಿಯೋ? ನೋಡಿಯೇ ಬಿಡೋಣವೆಂದು ಈ ತುದಿಯ ಹಾಸುಬಟ್ಟೆಯನ್ನು ಆಚೆಯ ಅರ್ಧಕ್ಕೆ ಜಗ್ಗಿ, ಈಚೆಯ ಅರ್ಧವನ್ನು ಬಯಲಿಗೆ ಬಿಟ್ಟು ಮೇಲೆ ಬಂದೆ. ಅಜ್ಜಿಗೆ ಹೇಳಲಿಲ್ಲ.

ಬೆಳಿಗ್ಗೆ ಮೆಟ್ಟಿಲ ಮೇಲಿಂದಲೇ ಅವಳ ದನಿ ಕೇಳಿತು. "ಯಾರೇ ಅದು ಮಕ್ಕಳ ಹೊದಿಕೆ ಎಳೆದದ್ದು?"

"ನಾನೇ ಅಜ್ಜಿ."

"ನಿನ್ನ ಹೊದಿಕೆ ಯಾರಾದ್ರೂ ಎಳೀಲಿ, ಆಗ ಗೊತ್ತಾಗುತ್ತೆ."

ಕೈ ಹಿಡಿದು ಕರೆದೊಯ್ದು ಪೈಪಿನ ಪಕ್ಕದ ಗಿಡ ತೋರಿಸಿದೆ. ಅವಳು ಎಲೆಯನ್ನು ತಿರುವಿ ನೋಡಿದಳು. "ಚಳಿಗೆ ನೀಲಿಗಟ್ಟಿದೆ. ಸಾಯೋ ಮುಂಚೆ ಹೀಗೇ ಆಗೋದು."

"ಸತ್ತಿಲ್ಲವಲ್ಲ. ಮುಟ್ಟಿ ನೋಡು, ಎಷ್ಟು ಗಟ್ಟಿಯಾಗಿದೆ. ಒಳಗಿನದಕ್ಕಿಂತ ದಪ್ಪ."

"ಇವತ್ತು ಗಟ್ಟಿ. ನಾಳೆ?"

"ನಾಳೆ ಡಾಕ್ಟ್ರು ಇದನ್ನ ಸೊಪ್ಪು ಅಂದ್ರೆ? ಇದರ ಮೇಲೆ ಸಿಮೆಂಟ್ ಸುರೀತಾರೆ ಅಜ್ಜಿ. ನೀನು ದೊಡ್ಡಮ್ಮನ ಮನೆಗೆ ಹೋಗ್ತೀಯ."

ಅಜ್ಜಿ ನೆಲದ ಮೇಲೆ ಕೂತುಬಿಟ್ಟಳು. ಅವಳಿಗೆ ಕಷ್ಟವಾಗುತ್ತಿತ್ತು. ಹೊದಿಸಿದ್ದು ತಪ್ಪಾಯಿತಲ್ಲ ಅನ್ನುವುದು ಅಷ್ಟಾಗಿ ಕಾಡಲಿಲ್ಲ. ಜೀವ ಇರುವ ಒಂದನ್ನು ಬೇಕೆಂದೇ ಚಳಿಗೆ ಬಿಡುವುದು ಅವಳಿಂದಾಗದ ಮಾತು. ಕೊನೆಗೆ ವ್ಯಾಪಾರ ಕುದುರಿತು. ಅರ್ಧ ಮಡಿ ನನಗೆ, ಅರ್ಧ ಅವಳಿಗೆ. ನನ್ನರ್ಧ ಸತ್ತರೆ ನಾನು ಇನ್ನು ಅವಳ ಮಾತಿಗೆ ಎದುರಾಡಬಾರದು.

ಆ ವಾರ ಚಳಿ ಕಚ್ಚಿತು. ನಾನು ದಿನಾ ಬೆಳಗಾಗುವ ಮುಂಚೆಯೇ ಕೆಳಗೆ. ಬಣ್ಣ ಒಮ್ಮೆಲೇ ಬರಲಿಲ್ಲ. ಮೊದಲು ಅಂಚಿಗೆ, ಶಾಯಿಯಲ್ಲಿ ಅದ್ದಿದ ಹಾಗೆ. ಆಮೇಲೆ ನರಗಳ ನಡುವಿನ ಉಬ್ಬುಗಳಿಗೆ. ಒಂದೊಂದು ಎಲೆಗೂ ಒಂದೊಂದು ಅವಸರ, ಒಂದೊಂದು ಸೋಮಾರಿತನ. ಎಲೆಯ ಬೆನ್ನು ಹಸಿರಾಗಿದ್ದಾಗಲೇ ಮುಖ ನೇರಳೆಯಾಗುತ್ತಿತ್ತು. ಯಾಕೆ ಹಾಗೆ ಎಂದು ಡಾಕ್ಟರ ಭೂತಗನ್ನಡಿ ತಂದು ನೋಡಿದೆ. ಉತ್ತರ ಸಿಗಲಿಲ್ಲ. ಎಲೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ ಒಂದು ಚಿಕ್ಕ ಜೀರುಂಡೆ ಸಿಕ್ಕಿತು. ವಾರ ಕಳೆಯುವ ಹೊತ್ತಿಗೆ ಅಜ್ಜಿಯ ಕಡೆ ಸೊಪ್ಪಿನ ಮಡಿ, ನನ್ನ ಕಡೆ ಯಾವುದೋ ಅರಮನೆಯ ಅಂಗಳ.

ಅಜ್ಜಿ ನಡುಗೆರೆಯ ಮೇಲೆ ನಿಂತು ಅತ್ತ ನೋಡಿದಳು, ಇತ್ತ ನೋಡಿದಳು. ನನ್ನ ಕಡೆಯಿಂದ ಒಂದು ಚೂರು ಎಲೆ ಮುರಿದು ಬಾಯಿಗೆ ಹಾಕಿಕೊಂಡಳು. ಮೂಗಿಗೆ ಏರಿರಬೇಕು, ಕಣ್ಣು ಗಟ್ಟಿ ಮುಚ್ಚಿ ತಲೆ ಕೊಡವಿದಳು. ಆಮೇಲೆ ತನ್ನ ಅರ್ಧದ ಹಾಸುಬಟ್ಟೆಯನ್ನು ತಾನೇ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು.

"ಪಾಪ, ಚಳಿರಾಯ," ಎಂದಳು ಮೆಟ್ಟಿಲು ಹತ್ತುತ್ತಾ. "ಅವನು ಬಣ್ಣಗಾರ ಕಣೇ. ಬಣ್ಣದ ಗಡಿಗೆ ಹೊತ್ಕೊಂಡು ಮನೆಮನೆ ಬಾಗಿಲಿಗೆ ಬರ್ತಾನೆ. ನಾವು ಕಳ್ಳ ಅಂದ್ಕೊಂಡು ಅಗುಳಿ ಹಾಕಿದ್ವಿ."

"ಮೊದಲು ಜೀವ ಹೀರ್ತಾನೆ ಅಂದಿದ್ದೆ."

"ಬದನೇಕಾಯಿ ಗಿಡದ್ದು ಹೀರ್ತಾನೆ. ಅವಕ್ಕೂ ಅವನಿಗೂ ಹಳೇ ದ್ವೇಷ. ನಾನು ಹೇಳಿದ್ದು ಆ ಕತೆ. ಇದು ಸಾಸಿವೆ ಕತೆ. ನೀನು ಪೂರ್ತಿ ಕೇಳಿಸ್ಕೊಳ್ಳದೆ ಮಲಗಿದ್ದೆ."

ನಾನು ಎದುರಾಡಲಿಲ್ಲ. ಒಬ್ಬರ ಕತೆಯನ್ನು ಅವರೇ ತಿದ್ದಿಕೊಳ್ಳುವುದನ್ನು ಕಣ್ಣಾರೆ ನೋಡುವುದು ದಿನಾ ಸಿಗುವ ಭಾಗ್ಯವಲ್ಲ.

ಮಡಿಯಿಡೀ ನೇರಳೆಯಾದ ಮೇಲೆ ಬೀದಿಯೇ ನಿಂತು ನೋಡತೊಡಗಿತು. ಹಲ್ಲುನೋವಿನವರು ಒಂದು ಕೈಯಲ್ಲಿ ಕೆನ್ನೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಫೋಟೊ ತೆಗೆಯುತ್ತಿದ್ದರು. ಡಾಕ್ಟರಂತೂ ಯಾರೇ ಬಂದರೂ, "ನಮ್ಮ ತೋಟ ನೋಡಿದ್ರಾ?" ಎನ್ನುವುದಕ್ಕೆ ಶುರು ಮಾಡಿದರು. ತೋಟ 'ನಮ್ಮದು' ಆದದ್ದು ಯಾವಾಗ ಎಂದು ನಾನು ಕೇಳಲಿಲ್ಲ, ಸಂತೋಷಪಟ್ಟೆ. ಆ ಸಂತೋಷ ಒಂದೇ ದಿನದ್ದು.

"ಒಂದು ಬೋರ್ಡ್ ಬರೀಬೇಕಲ್ಲಮ್ಮ," ಎಂದು ಅವರು ರಟ್ಟು, ಬಣ್ಣ ತಂದಿಟ್ಟರು. "ನಿನ್ನ ಅಕ್ಷರ ದುಂಡಗಿದೆ. ಬರಿ: ಅಲಂಕಾರದ ಗಿಡ, ಎಲೆ ಕೀಳಬಾರದು."

"ಯಾರೂ ಕೀಳಬಾರದಾ ಸರ್?"

"ಯಾರೂ ಅಂದ್ರೆ ಯಾರೂ. ಇಷ್ಟು ಚೆಂದದ್ದನ್ನ ಕಿತ್ತು ತಿನ್ನೋಕೆ ಯಾರಿಗೆ ಮನಸ್ಸು ಬರುತ್ತೆ? ಕಿತ್ತರೆ ಬೋಳಾಗುತ್ತೆ. ಬೋಳಾದ್ಮೇಲೆ ಸಿಮೆಂಟೇ ವಾಸಿ."

ನನ್ನ ಕೈಯಾರೆ ಬರೆದೆ. ನನ್ನ ಕೈಯಾರೆ ನೆಟ್ಟೆ. ಅಜ್ಜಿ ಮೇಲಿನ ಕಿಟಕಿಯಿಂದ ನೋಡುತ್ತಿದ್ದಳು.

"ಏನು ಬರೆದಿದೀಯೇ?"

ಓದಿ ಹೇಳಿದೆ.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ," ಎಂದಳು. ಅಷ್ಟೇ. ಬೈಯಲಿಲ್ಲ, ದೊಡ್ಡಮ್ಮನ ಹೆಸರೆತ್ತಲಿಲ್ಲ. ಅವಳು ಅಷ್ಟು ಸುಮ್ಮನಾದದ್ದು ನೋಡಿ, ಒಳಗೊಳಗೇ ಚೀಲ ಕಟ್ಟುತ್ತಿದ್ದಾಳೆ ಎಂದುಕೊಂಡೆ. ಪ್ರತಿ ಸಂಜೆ ಮೇಲೆ ಹೋದ ಕೂಡಲೇ ಅವಳ ಸೀರೆಗಳು ಗೂಟದ ಮೇಲಿವೆಯೇ ಎಂದು ಮೊದಲು ನೋಡುತ್ತಿದ್ದೆ. ಇರುತ್ತಿದ್ದವು. ತಟ್ಟೆಯಲ್ಲಿ ಬೇಯಿಸಿದ ಸೊಪ್ಪು ಇರುತ್ತಿತ್ತು, ಅಮ್ಮ ದಾರಿಯಲ್ಲಿ ಕೊಂಡು ತಂದದ್ದಿರಬೇಕೆಂದು ತಿನ್ನುತ್ತಿದ್ದೆ. ಅಜ್ಜಿ ನಾನು ತಿನ್ನುವುದನ್ನೇ ನೋಡುತ್ತಾ, "ಹೇಗಿದೆ?" ಎನ್ನುತ್ತಿದ್ದಳು.

"ಚೆನ್ನಾಗಿದೆ ಅಜ್ಜಿ," ಎನ್ನುತ್ತಿದ್ದೆ, ಮನಸ್ಸು ಎಲ್ಲೋ ಇಟ್ಟು.

ಕೆಳಗೆ ಡಾಕ್ಟರದ್ದು ದಿನಕ್ಕೊಂದು ಹೆಮ್ಮೆ. "ನೋಡು, ದಿನದಿನಕ್ಕೂ ಹೊಸ ಎಲೆ. ಒಂದು ಹಳದಿ ಎಲೆ ಇಲ್ಲ. ಮನುಷ್ಯ ಕೈ ಹಾಕದೆ ಬಿಟ್ರೆ ಗಿಡ ಹೇಗೆ ಬರುತ್ತೆ ನೋಡಿದ್ಯಾ?"

ಚಳಿ ಸಡಿಲವಾಗುವ ಹೊತ್ತಿಗೆ ಮೇಸ್ತ್ರಿಯ ಫೋನು ಬಂತು. ಈ ವಾರವೇ ಬರುತ್ತಾನಂತೆ. ಡಾಕ್ಟರು ಗಲ್ಲ ಕೆರೆದುಕೊಂಡರು. "ಚೆಂದವೇನೋ ಇದೆ. ಆದ್ರೆ ಸ್ಕೂಟರ್ ಬೀದಿಗೆ ಅಡ್ಡ ಅಂತ ಎದುರಿನವರದ್ದು ದಿನಾ ರಗಳೆ. ನೋಡೋಣ."

ನಾನು ಅಳುಮೋರೆ ಹಾಕಿಕೊಂಡು ಮೇಲೆ ಹೋಗಿ ಹೇಳಿದೆ. ಅಜ್ಜಿ ಕೇಳಿಸಿಕೊಂಡಳು. ಮುಖ ತೊಳೆದಳು. ಒಳ್ಳೆಯ ಸೀರೆ ಉಟ್ಟಳು. ಬಸ್ಸಿಗೆ ಹೊರಟೇಬಿಟ್ಟಳು ಎಂದುಕೊಂಡೆ. ಆದರೆ ಅವಳು ಚೀಲ ಎತ್ತಲಿಲ್ಲ. ಮೆಟ್ಟಿಲಿಳಿದು, ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿದ್ದವರ ಸಾಲಿನ ಕೊನೆಗೆ ಕೂತಳು.

"ಅಜ್ಜಿ, ಏನಿದು?" ಎಂದು ಪಿಸುಗುಟ್ಟಿದೆ.

"ನನ್ನ ಸರದಿ ಬಂದಾಗ ಕರಿ. ಮಧ್ಯ ನುಗ್ಗಿದೆ ಅನ್ನಿಸ್ಕೋಬಾರದು."

ಅವಳ ಸರದಿ ಬಂತು. ಕುರ್ಚಿಯನ್ನು ಹತ್ತಿ, ತಲೆಯ ಮೇಲಿನ ದೀಪಕ್ಕೆ ಕಣ್ಣು ಕಿರಿದು ಮಾಡಿ, ಒರಗಿದಳು.

"ಏನಜ್ಜಿ ತೊಂದರೆ?" ಎಂದರು ಡಾಕ್ಟರು, ಕನ್ನಡಿ ಕೈಗೆತ್ತಿಕೊಳ್ಳುತ್ತಾ.

"ಇರೋ ನಾಲ್ಕು ಹಲ್ಲಿಗೆ ಕೆಲಸ ಕೊಡಿ ಅಂತ ಕೇಳೋಕೆ ಬಂದೆ."

"ಅಂದ್ರೆ?"

"ಸಾಸಿವೆ ಗಿಡದ ಕೆಳಗಿನ ಎಲೆಗಳು ನನಗಿರಲಿ. ನಡುವಿನ ಸುಳಿ, ಮೇಲಿನ ಎಲೆ ನಿಮಗೆ. ಅಂಚಿನದ್ದನ್ನ ಕೀಳ್ತಾ ಇದ್ರೆ ಒಳಗಿಂದ ಹೊಸದು ಬರ್ತಾನೇ ಇರುತ್ತೆ."

"ಆಗಲ್ಲ ಅಜ್ಜಿ. ಕಿತ್ತರೆ ಬೋಳಾಗಿ ಕಾಣುತ್ತೆ."

"ಇವತ್ತು ಹೇಗೆ ಕಾಣ್ತಿದೆ?"

ಡಾಕ್ಟರು ಕಿಟಕಿಯ ಹತ್ತಿರ ಹೋದರು. "ಇವತ್ತಾ? ಇವತ್ತು ತುಂಬಿ ತುಳುಕ್ತಿದೆ."

"ಬೆಳಿಗ್ಗೆ ಒಂದು ಬುಟ್ಟಿ ಕಿತ್ತೆ."

ಡಾಕ್ಟರು ತಿರುಗಿದರು. "ನಿನ್ನೆ?"

"ನಿನ್ನೇನೂ."

"ಬೋರ್ಡ್ ಹಾಕಿದ್ಮೇಲಾ?"

"ಹಾಕಿದ ಮಾರನೇ ಬೆಳಿಗ್ಗೆಯಿಂದ. ಬೋರ್ಡಿನ ಹಿಂದಿನ ಗಿಡದಿಂದಲೇ ಶುರು ಮಾಡಿದೆ. ಅಲ್ಲಿ ಎಲ್ಲರೂ ಬೋರ್ಡ್ ಓದ್ತಾರೆ, ಗಿಡ ಯಾರೂ ನೋಡಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. ನನ್ನ ಬಾಯಿ ಅವರ ಯಾವ ರೋಗಿಗಿಂತಲೂ ದೊಡ್ಡದಾಗಿ ತೆರೆದಿತ್ತು.

"ಅವಳನ್ನ ಬೈಬೇಡಿ," ಎಂದಳು ಅಜ್ಜಿ. "ಅವಳಿಗೆ ಹೇಳಿದ್ರೆ ನಿಮಗೆ ಹೇಳಿದ ಹಾಗೇ. ಅವಳ ಮುಖ ಗಾಜಿನ ಡಬ್ಬಿ, ಒಳಗಿರೋದೆಲ್ಲ ಕಾಣುತ್ತೆ."

"ಆದ್ರೆ ನಾನು ತಿಂದದ್ದು ಹಸಿರು ಸೊಪ್ಪಲ್ವಾ ಅಜ್ಜಿ?"

"ಬಿಸಿನೀರಿಗೆ ಬಿದ್ದ ಕೂಡಲೇ ನೇರಳೆಯೆಲ್ಲ ಬಿಟ್ಟುಬಿಡುತ್ತೆ ಮಗಳೇ. ಸೀರೆ ಬಿಚ್ಚಿಟ್ಟು ಸೊಪ್ಪಾಗುತ್ತೆ. ನಿನ್ನಮ್ಮ ಪಾತ್ರೆಯ ನೀರು ನೋಡಿ ಇದೇನು ಅಂದ್ಳು. ಶಾಯಿ ಚೆಲ್ಲಿತು ಅಂದೆ."

ಇಡೀ ಚಳಿಗಾಲ ಭೂತಗನ್ನಡಿ ಹಿಡಿದು ಎಲೆಯ ಬಣ್ಣ ಹುಡುಕಿದವಳು ನಾನು. ಅದು ದಿನಾ ನನ್ನ ತಟ್ಟೆಗೇ ಬಂದು ಬೀಳುತ್ತಿದ್ದಾಗ ಮಾತ್ರ ನೋಡಲಿಲ್ಲ.

ಡಾಕ್ಟರಿಗೆ ಸಿಟ್ಟು ಬರಬೇಕಿತ್ತು. ಬಂತೋ ಏನೋ, ಆದರೆ ಅದಕ್ಕಿಂತ ಮೊದಲು ಅವರ ವೃತ್ತಿ ಎದ್ದು ಕೂತಿತು. "ಎಲ್ಲಿಂದ ಕಿತ್ತಿರಿ? ತೋರಿಸಿ," ಎಂದು ಕೈಯಲ್ಲಿದ್ದ ಕನ್ನಡಿಯ ಸಮೇತ ಹೊರಗೆ ನಡೆದರು. ನಾವು ಹಿಂದೆ. ಬೆಂಚಿನ ಮೇಲಿದ್ದವರೂ ಬಾಗಿಲಿಗೆ ಬಂದರು.

ಅಜ್ಜಿ ಒಂದು ಗಿಡದ ಬುಡದ ಎಲೆಗಳನ್ನು ಸರಿಸಿದಳು. ಡಾಕ್ಟರು ಮೊಣಕಾಲೂರಿ, ಬಾಯೊಳಗೆ ನೋಡುವ ಆ ಪುಟ್ಟ ಕನ್ನಡಿಯನ್ನು ಎಲೆಗಳ ಅಡಿಗೆ ತೂರಿಸಿದರು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಡಾಕ್ಟ್ರೇ?"

"ಸುಮ್ಮನಿರಿ ಅಜ್ಜಿ, ನೋಡ್ತಿದೀನಿ." ಅವರು ಕನ್ನಡಿಯನ್ನು ಹೊರಳಿಸಿದರು. ಕಾಂಡದ ಸುತ್ತ ಕೆಳಗಿನಿಂದ ಮೇಲಕ್ಕೆ ಒಣಗಿದ ಗುರುತುಗಳು ಸಾಲುಸಾಲಾಗಿದ್ದವು, ಪ್ರತಿಯೊಂದೂ ಎಲೆ ಮುರಿದ ಜಾಗ. ಎಲ್ಲೂ ಸಿಗಿದಿರಲಿಲ್ಲ, ಜಗ್ಗಿರಲಿಲ್ಲ. "ಬಹಳ ಅಚ್ಚುಕಟ್ಟಾಗಿ ಕಿತ್ತಿದೀರಿ," ಎಂದರು. ಆ ಮಾತು ಅವರ ಬಾಯಿಂದ ಸುಮ್ಮನೆ ಬರುವಂಥದ್ದಲ್ಲ.

"ಕದ್ದು ಕೀಳೋರು ಅಚ್ಚುಕಟ್ಟಾಗೇ ಕೀಳಬೇಕು," ಎಂದಳು ಅಜ್ಜಿ. ಆಮೇಲೆ ದನಿ ಇಳಿಸಿದಳು. "ಆದ್ರೆ ಸಾಕಾಯ್ತು ಡಾಕ್ಟ್ರೇ. ಬೀಜ ಹಾಕಿದ್ದು ನಾನು, ನೀರು ಹೊಯ್ದದ್ದು ನಾನು. ನನ್ನ ಮಡೀಲಿ ನಾನೇ ಕಳ್ಳಿ ಆಗಿ ಬಗ್ಗಿಕೊಂಡು ಹೋಗೋದು ಈ ವಯಸ್ಸಿಗೆ ಚೆನ್ನಾಗಿಲ್ಲ. ಕೊಟ್ರೆ ಎದುರಿಗೇ ಕೊಡಿ. ಇಲ್ಲಾಂದ್ರೆ ಸಿಮೆಂಟ್ ಹಾಕ್ಸಿ, ನಾನು ದೊಡ್ಡಮಗಳ ಮನೆಗೆ ಹೋಗ್ತೀನಿ."

ಡಾಕ್ಟರು ಒಂದು ಎಲೆ ಮುರಿದು ಬಾಯಿಗಿಟ್ಟರು. ಅಜ್ಜಿ ಬೇಡವೆನ್ನುವಷ್ಟರಲ್ಲಿ ಅಗಿದೂ ಆಗಿತ್ತು. ಹಸಿ ಎಲೆಯ ಖಾರ ನಾಲಿಗೆಯಲ್ಲಿ ನಿಲ್ಲುವುದಿಲ್ಲ, ನೇರ ಮೂಗಿನ ಮೇಲ್ಮಹಡಿಗೆ ಹೋಗುತ್ತದೆ. ಅವರ ಕನ್ನಡಕದ ಹಿಂದೆ ನೀರು ತುಂಬಿತು. ಬಾಗಿಲಲ್ಲಿ ನಿಂತಿದ್ದವನೊಬ್ಬ, ತನ್ನ ಹಲ್ಲುನೋವಿಗೆ ಸೇಡು ತೀರಿತೆಂಬಂತೆ ನಕ್ಕ.

"ಇದನ್ನ... ಹೀಗೇ ತಿಂತಾರಾ?" ಎಂದರು ಉಸಿರು ಬಂದ ಮೇಲೆ.

"ಒಂದೊಂದು ಚೂರು ತಿಂತಾರೆ. ಹಸು ತಿಂದ ಹಾಗೆ ತಿನ್ನಲ್ಲ."

ಡಾಕ್ಟರು ಕಣ್ಣೊರೆಸಿಕೊಂಡು ಇನ್ನೊಂದು ಚೂರು ಮುರಿದರು. ಈ ಸಲ ಸಣ್ಣದು. ನಿಧಾನವಾಗಿ ಅಗಿದರು. ಆಮೇಲೆ ನನಗೆ ಹೇಳಿದರು: "ಮೇಸ್ತ್ರಿಗೆ ಫೋನ್ ಮಾಡಮ್ಮ. ಮುಂದಿನ ಮೆಟ್ಟಿಲ ಮುರುಕು ಸರಿ ಮಾಡಿ ಹೋಗು ಅನ್ನು, ಅಷ್ಟು ಸಾಕು. ಎದುರಿನವರ ಹತ್ರ ನಾನು ಮಾತಾಡ್ತೀನಿ. ಅಜ್ಜಿ, ನಿಮಗೂ ಒಂದು ಮಾತು. ಬಿಸಿಲುಗಾಲ ಬಂದ್ರೆ ಇದು ಹೂವಿಗೆ ಹೋಗುತ್ತಂತೆ, ಎಲೆ ಇರಲ್ಲವಂತೆ. ಆಗ ಏನು ಹಾಕ್ತೀರಿ, ಅದನ್ನ ಈಗಲೇ ಯೋಚಿಸಿ. ಸೊಪ್ಪಿನ ಹಾಗೆ ಕಾಣಬಾರದು, ಅಷ್ಟೇ."

"ತಿನ್ನಬಹುದಾ?"

"ಅದು ನಂಗೆ ಗೊತ್ತಾಗಬಾರದು... ಇಲ್ಲ, ಗೊತ್ತಾಗಲಿ. ನಂಗೂ ಒಂದು ಹಿಡಿ ಕೊಡಿ."

ಮರುದಿನ ಬೆಳಿಗ್ಗೆ ಅಜ್ಜಿ ಬುಟ್ಟಿ ಹಿಡಿದು, ಚಪ್ಪಲಿ ಸದ್ದು ಮಾಡುತ್ತಾ, ಎಲ್ಲರಿಗೂ ಕಾಣುವ ಹಾಗೆ ಮಡಿಗೆ ಇಳಿದಳು. ಕಿಟಕಿಯ ಒಳಗೆ ಕಾಯುತ್ತಿದ್ದವರಿಗೆ ಎಲೆ ಮುರಿಯುವುದು ಹೇಗೆಂದು ತೋರಿಸಿದಳು. ದೊಡ್ಡಮ್ಮನಿಗೆ ಫೋನು ಮಾಡಿಸಿ, ತಾನು ಬರುವುದಿಲ್ಲ, ಬೇಕಾದರೆ ನೀನೇ ಬಂದು ಹೋಗು ಎಂದಳು. ರಾತ್ರಿ ಊಟಕ್ಕೆ ಕೂತಾಗ ನಾನು ಈ ಸಲ ಮನಸ್ಸಿಟ್ಟು ತಿಂದೆ. ಅಜ್ಜಿ ಒಂದು ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಮುಖ ಸೊಟ್ಟ ಮಾಡಿದಳು.

"ಯಾಕಜ್ಜಿ, ಕಹಿಯಾ?"

"ಕಹಿ ಅಲ್ಲ. ಉಪ್ಪು ಖಾರ ಎಲ್ಲ ಸರಿ ಇದೆ." ಇನ್ನೊಂದು ತುತ್ತು ತಿಂದು ನೋಡಿದಳು. "ನಿನ್ನೆವರೆಗೆ ಇದ್ದ ರುಚಿ ಇಲ್ಲ ಕಣೇ. ಕೇಳಿ ಕಿತ್ತದ್ದಲ್ವಾ, ಅದಕ್ಕೇ ಇರಬೇಕು."